ಗ್ಯಾಸ್ ಮುಗಿದಾಗ ಬಿಸಿಲಲ್ಲೇ ಕುಡಿಯುವ ನೀರು ಮಾಡಿಕೊಳ್ಳುವುದು ಹೇಗೆ?

ಸಿಲಿಂಡರ್ ಖಾಲಿ. ಮನೆಯಲ್ಲಿ ಫಿಲ್ಟರ್ ಇಲ್ಲ. ಇರೋದು ಬಾವಿ ನೀರು ಮಾತ್ರ, ಆದರೆ ಹೊರಗೆ ಚೆನ್ನಾಗಿ ಬಿಸಿಲಿದೆ. ಅಷ್ಟಿದ್ದರೆ ಸಾಕು, ಒಂದು ಪ್ಲಾಸ್ಟಿಕ್ ಬಾಟಲಿ ಹುಡುಕಿ.

ಬಾಟಲಿಯಲ್ಲಿ ನೀರು ತುಂಬಿಸಿ ಬಿಸಿಲಿಗಿಟ್ಟು ರೋಗಾಣು ಕೊಲ್ಲುವ ಈ ವಿಧಾನಕ್ಕೆ ಸೋಡಿಸ್ ಅಂತ ಹೆಸರು. ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಅಫ್ತಿಮ್ ಅಕ್ರಾ ಮತ್ತು ಅವರ ಜೊತೆಗಾರರು 1980ರಲ್ಲಿ ಇದರ ಬಗ್ಗೆ ಬರೆದರು. ಭೇದಿಯಾದ ಮಕ್ಕಳಿಗೆ ಕೊಡುವ ಉಪ್ಪು-ಸಕ್ಕರೆ ನೀರನ್ನು ಬಿಸಿಲಿನಿಂದ ಶುದ್ಧ ಮಾಡಬಹುದಾ ಅನ್ನೋದೇ ಅವರ ಪ್ರಶ್ನೆಯಾಗಿತ್ತು. ಬಿಸಿಲಿನ ಯುವಿ (ಅತಿನೇರಳೆ) ಕಿರಣ ರೋಗಾಣುಗಳನ್ನು ಕೊಲ್ಲುತ್ತದೆ, ಜೊತೆಗೆ ನೀರು 50 ಡಿಗ್ರಿ ದಾಟಿದರೆ ಕೆಲಸ ಇನ್ನೂ ಬೇಗ ಆಗುತ್ತದೆ.

ಬಣ್ಣವಿಲ್ಲದ ಪೆಟ್ ಬಾಟಲಿಯೇ ಬೇಕು. ತಳದಲ್ಲಿ ತ್ರಿಕೋನದೊಳಗೆ 1 ಅಂತ ಇರುತ್ತದೆ, ನೋಡಿ. 2 ಲೀಟರಿಗಿಂತ ದೊಡ್ಡದು ಬೇಡ. ಗೀರು ಬಿದ್ದು ಮಬ್ಬಾಗಿದ್ದರೆ ಬದಲಾಯಿಸಿ. ಮೇಲಿನ ಲೇಬಲ್ ಕಿತ್ತು, ಮುಚ್ಚಳದ ಸಮೇತ ಸೋಪು ಹಾಕಿ ತೊಳೆಯಿರಿ.

ಈಗ ಮುಖ್ಯವಾದ ಮಾತು. ನೀರು ತಿಳಿಯಾಗಿರಬೇಕು, ಕದಡಿದ ನೀರಿನೊಳಕ್ಕೆ ಕಿರಣ ಇಳಿಯುವುದೇ ಇಲ್ಲ. ಪರೀಕ್ಷೆ ಸುಲಭ: ಒಂದು ದಿನಪತ್ರಿಕೆಯನ್ನು ನೆಲದ ಮೇಲೆ ಹಾಸಿ, ತುಂಬಿದ ಬಾಟಲಿಯನ್ನು ಶೀರ್ಷಿಕೆಯ ಮೇಲೆ ನಿಲ್ಲಿಸಿ, ಬಾಯಿಂದ ಒಳಗೆ ಇಣುಕಿ ನೋಡಿ. ತಳದಲ್ಲಿ ದೊಡ್ಡ ಅಕ್ಷರಗಳು ಓದಲು ಬಂದರೆ ಸರಿ, ಬರದಿದ್ದರೆ ನೀರನ್ನು ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ನಾಲ್ಕು ಮಡಿಕೆ ಮಾಡಿದ ಹತ್ತಿ ಬಟ್ಟೆಯಲ್ಲಿ ಸೋಸಿ ಮತ್ತೆ ನೋಡಿ.

ಮೊದಲು ಮುಕ್ಕಾಲು ತುಂಬಿಸಿ 20 ಸೆಕೆಂಡ್ ಜೋರಾಗಿ ಕುಲುಕಿ. ಗಾಳಿಯ ಆಮ್ಲಜನಕ ನೀರಿಗೆ ಸೇರಿದರೆ ಬಿಸಿಲಿನ ಏಟು ಜಾಸ್ತಿ. ಆಮೇಲೆ ಪೂರ್ತಿ ತುಂಬಿಸಿ, ಮುಚ್ಚಳ ಬಿಗಿ ಮಾಡಿ, ತಗಡಿನ ಮೇಲೆ ಅಡ್ಡಡ್ಡ ಮಲಗಿಸಿ. ಕಿಟಕಿ ಗಾಜಿನ ಹಿಂದೆ ಇಡಬೇಡಿ, ಗಾಜು ಯುವಿಯನ್ನು ತಡೆಯುತ್ತದೆ. ತೆಂಗಿನ ಮರದ ನೆರಳು ಮಧ್ಯಾಹ್ನ ಎಲ್ಲಿಗೆ ಸರಿಯುತ್ತದೆ ಅಂತಲೂ ನೋಡಿಕೊಳ್ಳಿ.

ಒಳ್ಳೆ ಬಿಸಿಲಿದ್ದರೆ 6 ಗಂಟೆ. ಆಕಾಶದ ಅರ್ಧಕ್ಕಿಂತ ಜಾಸ್ತಿ ಮೋಡವಿದ್ದರೆ ಎರಡು ದಿನ ಪೂರ್ತಿ. ಮಳೆ ಹಿಡಿದುಕೊಂಡರೆ ಈ ದಾರಿ ಬೇಡ, ಸೌದೆ ಒಲೆಯಲ್ಲಾದರೂ ಕುದಿಸಿ. ಕೆಲವು ಗಟ್ಟಿ ಪರೋಪಜೀವಿಗಳಿಗೆ 6 ಗಂಟೆ ಸಾಲುವುದಿಲ್ಲ. ಅದಕ್ಕೇ ಹಸುಗೂಸುಗಳಿಗೆ, ಕಾಯಿಲೆಯಿಂದ ಸೊರಗಿದವರಿಗೆ ಕುದಿಸಿದ ನೀರನ್ನೇ ಕೊಡಿ.

ಪಾವಗಡ, ಕೋಲಾರದ ಕಡೆಯವರಿಗೆ ಒಂದು ಮಾತು: ಬೋರ್‌ವೆಲ್ ನೀರಿನ ಫ್ಲೋರೈಡ್ ಬಿಸಿಲಿಗೆ ಹೋಗುವುದಿಲ್ಲ, ಕುದಿಸಿದರೂ ಅಷ್ಟೆ. ಉಪ್ಪು, ಕ್ರಿಮಿನಾಶಕವೂ ಹಾಗೇ ಉಳಿಯುತ್ತವೆ. ಅಂಥ ನೀರಿಗೆ ಇದು ಉಪಾಯವಲ್ಲ.

ಸಂಜೆ ತೆಗೆದ ನೀರನ್ನು ಕೊಡಕ್ಕೆ ಸುರಿಯಬೇಡಿ, ಕೊಡದಲ್ಲಿ ಕೈ ಅದ್ದಿದರೆ ಮತ್ತೆ ರೋಗಾಣು ಸೇರುತ್ತದೆ. ಅದೇ ಬಾಟಲಿಯಿಂದ ನೇರವಾಗಿ ಲೋಟಕ್ಕೆ ಬಗ್ಗಿಸಿ, ಮರುದಿನದೊಳಗೆ ಕುಡಿದು ಮುಗಿಸಿ.