ಮೂರು ಥರದ ಲ್ಯಾಪ್‌ಟಾಪ್, ಒಂದೇ ಆಂಡ್ರಾಯ್ಡ್ ಪ್ರಾಜೆಕ್ಟು

ಡಿಪ್ಲೊಮಾ ಮಕ್ಕಳಿಗೆ ನಾನು ಆಂಡ್ರಾಯ್ಡ್ ಹೇಳಿಕೊಡುತ್ತೇನೆ. ತರಗತಿಯಲ್ಲಿ ಹೆಚ್ಚಿನವರದು ವಿಂಡೋಸ್, ನಾಲ್ಕೈದು ಜನರದು ಉಬುಂಟು, ಒಬ್ಬಳದು ಅಣ್ಣ ಬಳಸಿ ಬಿಟ್ಟ ಮ್ಯಾಕ್. ಆ್ಯಪ್ ಬರೆಯುವ ತಂತ್ರಾಂಶ ಆಂಡ್ರಾಯ್ಡ್ ಸ್ಟುಡಿಯೋ ಮೂರಕ್ಕೂ ಪುಕ್ಕಟೆ ಸಿಗುತ್ತದೆ. ಒಬ್ಬರ ಕೋಡು ಇನ್ನೊಬ್ಬರಲ್ಲಿ ಓಡಬೇಕು ಅಂದಾಗ ಶುರು ನೋಡಿ ಫಜೀತಿ.

ಕೋಡನ್ನು ಆ್ಯಪ್ ಆಗಿ ಕಟ್ಟಿಕೊಡುವ ಗ್ರೇಡಲ್ಲನ್ನು ಯಾರೂ ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಡಿ. ಪ್ರಾಜೆಕ್ಟಿನೊಳಗೇ, ಸರಿಯಾದ ಗ್ರೇಡಲ್ಲನ್ನು ತಾನೇ ಇಳಿಸಿಕೊಳ್ಳುವ ರ‍್ಯಾಪರ್ ಇರುತ್ತದೆ: ವಿಂಡೋಸಿಗೆ ಬ್ಯಾಟ್ ಫೈಲು, ಉಳಿದೆರಡಕ್ಕೆ ಶೆಲ್ ಸ್ಕ್ರಿಪ್ಟು. ಎರಡನ್ನೂ ಅದರ ಜಾರ್ ಫೈಲಿನ ಸಮೇತ, ಕೋಡಿನ ಬದಲಾವಣೆಗಳ ಲೆಕ್ಕವಿಟ್ಟು ಎಲ್ಲರಿಗೂ ಹಂಚುವ ಗಿಟ್‌ಗೆ ಹಾಕಿ. ಲೋಕಲ್ ಡಾಟ್ ಪ್ರಾಪರ್ಟೀಸ್ ಮಾತ್ರ ಹಾಕಬೇಡಿ. ಅದರಲ್ಲಿರುವುದು ನಿಮ್ಮ ಯಂತ್ರದಲ್ಲಿ ಆಂಡ್ರಾಯ್ಡ್ ಸಲಕರಣೆಗಳ ಗಂಟಾದ ಎಸ್‌ಡಿಕೆ ಎಲ್ಲಿದೆ ಅನ್ನುವ ವಿಳಾಸ; ಸಿ ಡ್ರೈವ್ ಅಂದರೆ ಉಬುಂಟುಗೇನು ಗೊತ್ತು? ಗ್ರೇಡಲ್ಲಿಗೆ ಆಂಡ್ರಾಯ್ಡ್ ಆ್ಯಪ್ ಕಟ್ಟಲು ಕಲಿಸುವ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8 ಇದ್ದರೆ ಜಾವಾ 17 ಬೇಕು.

ಹೋದ ವರ್ಷ ಒಬ್ಬ ಹುಡುಗ ವಿಂಡೋಸಿನಿಂದ ಪೆನ್‌ಡ್ರೈವಿನಲ್ಲಿ ಪ್ರಾಜೆಕ್ಟ್ ತಂದ. ಉಬುಂಟುನಲ್ಲಿ ರ‍್ಯಾಪರ್ ಓಡಿಸಿದರೆ, ಕಣ್ಣೆದುರಿಗೇ ಇರುವ ಫೈಲಿಗೆ 'ಅಂಥ ಫೈಲೇ ಇಲ್ಲ' ಅನ್ನುತ್ತದೆ! ಅರ್ಧ ಗಂಟೆ ಒದ್ದಾಡಿದೆವು. ವಿಂಡೋಸಿನ ಗಿಟ್ ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಸಿಆರ್ ಅಕ್ಷರ ಸೇರಿಸಿತ್ತು. ಗಿಟ್ ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಎರಡು ಸಾಲು ಬರೆದಿಡಿ: ಸಾಲಿನ ಕೊನೆಯ ಗುರುತಾಗಿ ಶೆಲ್ ಸ್ಕ್ರಿಪ್ಟಿಗೆ ಬರೀ ಎಲ್‌ಎಫ್, ಬ್ಯಾಟ್ ಫೈಲಿಗೆ ಎರಡೂ ಸೇರಿದ ಸಿಆರ್‌ಎಲ್‌ಎಫ್. ಮ್ಯಾಕ್‌ನವಳಿಗೆ ಪ್ರಾಜೆಕ್ಟನ್ನು ಗಿಟ್‌ನಿಂದ ಕ್ಲೋನ್ ಮಾಡಿ ರ‍್ಯಾಪರ್ ಓಡಿಸಿದ ಕೂಡಲೇ 'ಪರ್ಮಿಷನ್ ಡಿನೈಡ್' ಬಂದಿತ್ತು. ಅದರ ಕಾರಣ ಬೇರೆ: ವಿಂಡೋಸಿನಿಂದ ಹೊಸದಾಗಿ ಸೇರಿಸಿದ ಸ್ಕ್ರಿಪ್ಟಿಗೆ ಓಡುವ ಅನುಮತಿ ಅಂಟಿಕೊಂಡಿರುವುದಿಲ್ಲ. ಗಿಟ್ ಅಪ್‌ಡೇಟ್-ಇಂಡೆಕ್ಸ್‌ಗೆ ಸಿಎಚ್‌ಮಾಡ್ ಪ್ಲಸ್ ಎಕ್ಸ್ ಕೊಟ್ಟು ಒಮ್ಮೆ ಕಮಿಟ್ ಮಾಡಿದರೆ ಎಲ್ಲರಿಗೂ ಸರಿಹೋಗುತ್ತದೆ.

ಇನ್ನೊಂದು ಕಳ್ಳ ತೊಂದರೆ ಹೆಸರಿನದು. ಅಸೆಟ್ಸ್ ಫೋಲ್ಡರಿನ ಕನ್ನಡ ಫಾಂಟಿನ ಹೆಸರಲ್ಲಿ ಮೊದಲ ದೊಡ್ಡಕ್ಷರವನ್ನು ವಿಂಡೋಸಿನವನು ಚಿಕ್ಕದು ಮಾಡಿದ, ಕೋಡಿನಲ್ಲೂ ಹಾಗೇ ತಿದ್ದಿದ. ಅವನಲ್ಲಿ ಆ್ಯಪ್ ಚೆನ್ನಾಗಿಯೇ ಓಡಿತು. ಆದರೆ ಬದಲಾದದ್ದು ಗಿಟ್‌ಗೆ ತಿಳಿಯಲೇ ಇಲ್ಲ, ಉಳಿದವರಿಗೆ ಹಳೇ ಹೆಸರೇ ಹೋಗಿ ಆ್ಯಪ್ ಕುಸಿದುಬಿತ್ತು. ಹೆಸರು ಬದಲಿಸುವುದಿದ್ದರೆ ಗಿಟ್ ಎಂವಿ ಬಳಸಿ. ಅದಕ್ಕಿಂತ ಮೊದಲಿಂದಲೇ ಎಲ್ಲಾ ಚಿಕ್ಕಕ್ಷರದಲ್ಲಿಡುವುದು ವಾಸಿ.

ಫೋನು ಜೋಡಿಸಲು ವಿಂಡೋಸಿಗೆ ಡ್ರೈವರ್ ಬೇಕಾಗಬಹುದು, ಉಬುಂಟುಗೆ ಯುಎಸ್‌ಬಿ ಸಾಧನ ಮುಟ್ಟಲು ಬಿಡುವ ಯುಡೆವ್ ರೂಲ್ಸ್ ಬೇಕು, ಮ್ಯಾಕ್‌ಗೆ ಏನೂ ಬೇಡ. ಫೋನಿನಲ್ಲಿ ಆಂಡ್ರಾಯ್ಡ್ 11 ಅಥವಾ ಮುಂದಿನದಿದ್ದರೆ ಈ ರಗಳೆಯೇ ಬೇಡ: ವೈರ್‌ಲೆಸ್ ಡಿಬಗಿಂಗ್ ಆನ್ ಮಾಡಿ, ಸ್ಟುಡಿಯೋ ತೋರಿಸುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಕಾಲೇಜಿನ ವೈಫೈ ಅಡ್ಡಬಂದರೆ ಇನ್ನೊಂದು ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪು, ಫೋನು ಎರಡನ್ನೂ ಸೇರಿಸಿ. ನಮ್ಮಲ್ಲಿ ಆ ಇನ್ನೊಂದು ಫೋನು ಯಾವಾಗಲೂ ನನ್ನದೇ. ಅದಕ್ಕೇ ಗ್ರೇಡಲ್ ಡೌನ್‌ಲೋಡ್ ಮನೆಯಲ್ಲೇ ಮುಗಿಸಿಕೊಂಡು ಬನ್ನಿ ಅಂತ ಹಿಂದಿನ ದಿನವೇ ಹೇಳಿಬಿಡುತ್ತೇನೆ.