ಸ್ಕೈರಿಮ್‌ನ ಡ್ರ್ಯಾಗನ್‌ಬಾರ್ನ್‌ನನ್ನು ಫೈಟಿಂಗ್ ಗೇಮ್‌ಗೆ ತಂದಿದ್ದು ಹೀಗೆ

ಬೀದರಿನಲ್ಲಿ ನಾವು ಕೆಲವು ಗೆಳೆಯರು ಸೇರಿ ಒಂದು ಕ್ರಾಸ್‌ಓವರ್ ಫೈಟಿಂಗ್ ಗೇಮ್ ಕಟ್ಟುತ್ತಿದ್ದೇವೆ. ಮಾರುವುದಕ್ಕಲ್ಲ, ನಾವೇ ಆಡುವುದಕ್ಕೆ. ಒಬ್ಬೊಬ್ಬರು ತಮಗೆ ಇಷ್ಟವಾದ ಗೇಮ್‌ನಿಂದ ಒಬ್ಬ ಹೀರೋನನ್ನು ತರಬೇಕು. ಚಿತ್ರ ಸ್ವಂತ ಬಿಡಿಸಬೇಕು, ದನಿ ಕೂಡ ಸ್ವಂತದ್ದೇ ಆಗಬೇಕು. ಎಂಜಿನ್, ಅಂದರೆ ಗೇಮ್ ನಡೆಸುವ ಸಾಫ್ಟ್‌ವೇರ್, ಇಕೆಮೆನ್ ಗೋ. ಇದು ಉಚಿತ, ಓಪನ್ ಸೋರ್ಸ್. 1999ರಲ್ಲಿ ಬಂದ ಮುಗೆನ್ ಎಂಜಿನ್‌ಗೆ ಬರೆಯುವ ರೀತಿಯಲ್ಲೇ ಇದಕ್ಕೂ ಕ್ಯಾರೆಕ್ಟರ್ ಬರೆಯಬಹುದು.

ನಾನು ಆರಿಸಿಕೊಂಡಿದ್ದು 2011ರಲ್ಲಿ ಬಂದ ಸ್ಕೈರಿಮ್ ಅನ್ನುವ ಗೇಮ್‌ನ ಹೀರೋ ಡ್ರ್ಯಾಗನ್‌ಬಾರ್ನ್. ಉಳಿದವರ ಹೀರೋಗಳಿಗೆ ಒಂದು ಮುಖ ಇದೆ, ಒಂದು ಆಯುಧ ಇದೆ, ನಡಿಗೆ ಇದೆ. ಡ್ರ್ಯಾಗನ್‌ಬಾರ್ನ್‌ಗೆ ಇವು ಯಾವುದೂ ಇಲ್ಲ. ಹತ್ತು ಜನಾಂಗಗಳಲ್ಲಿ ಒಂದನ್ನು ಆರಿಸಬೇಕು, ಗಂಡೋ ಹೆಣ್ಣೋ ಆರಿಸಬೇಕು, ಮೂಗು ಹುಬ್ಬು ಗಾಯದ ಗುರುತು ಎಲ್ಲ ಆಡುವವರೇ ಮಾಡಿಕೊಳ್ಳಬೇಕು. ಮೇಲಿಂದ 18 ಕೌಶಲಗಳು. ಯಾವುದನ್ನು ಬೆಳೆಸುತ್ತೀರೋ ಹೀರೋ ಆ ಕಡೆ ಬೆಳೆಯುತ್ತಾನೆ.

ಕೆಲಸ ಶುರು ಮಾಡುವ ಮೊದಲು ಗೆಳೆಯರಿಗೆಲ್ಲ ಒಂದೇ ಪ್ರಶ್ನೆ ಕೇಳಿದೆ: ನಿನ್ನ ಡ್ರ್ಯಾಗನ್‌ಬಾರ್ನ್ ಹೆಂಗಿದ್ದ? ಒಬ್ಬನದು ಎರಡು ಕೈಯಲ್ಲಿ ಸುತ್ತಿಗೆ ಹಿಡಿದ ಓರ್ಕ್. ಇನ್ನೊಬ್ಬನದು ಬೆಕ್ಕಿನ ಮುಖದ ಖಜೀತ್, ಬರೀ ಕಳ್ಳತನ. ನನ್ನ ತಂಗಿಯದು ಕತ್ತಿಯನ್ನೇ ಮುಟ್ಟದ ಬ್ರೆಟನ್ ಮಾಂತ್ರಿಕಳು. ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಮಾತು ಮುಂದುವರಿದ ಹಾಗೆ ಎಲ್ಲರ ಬಾಯಲ್ಲೂ ಒಂದು ವಿಷಯ ಬಂತು: ‘ಫುಸ್ ರೋ ದಾ’, ಎದುರಿಗಿದ್ದವನನ್ನು ತಳ್ಳಿಬಿಡುವ ಮೂರು ಪದದ ಕೂಗು. ಯಾರ ಹೀರೋ ಹೇಗೇ ಇರಲಿ, ಆ ಕೂಗು ಮಾತ್ರ ಎಲ್ಲರದೂ. ಹಾಗಾಗಿ ಡಿಸೈನ್ ಅಲ್ಲಿಂದಲೇ ಶುರು ಮಾಡಿದೆ. ಕೂಗು ಗಟ್ಟಿಯಾಗಿ ನಡುವೆ ನಿಲ್ಲಬೇಕು, ಉಳಿದದ್ದನ್ನು ಆಡುವವರ ಆಯ್ಕೆಗೆ ಬಿಡಬೇಕು.

ಎಷ್ಟು ಬಿಡಬೇಕು ಅನ್ನುವುದೇ ಕಷ್ಟದ ಪ್ರಶ್ನೆ. ಇದಕ್ಕೆ ಬೇರೆ ಬೇರೆ ಗೇಮ್‌ಗಳ ಹೀರೋಗಳು ಹೊಡೆದಾಡುವ ಸೂಪರ್ ಸ್ಮ್ಯಾಶ್ ಬ್ರದರ್ಸ್ ಸರಣಿಯನ್ನು ಕೂತು ನೋಡಿದೆ. ಅದರಲ್ಲಿ ಇಂಥ ಹೀರೋಗಳು ತುಂಬಾ ಇದ್ದಾರೆ. 2014ರಲ್ಲಿ ಬಂದ ರಾಬಿನ್‌ಗೆ ಗಂಡು, ಹೆಣ್ಣು ಎರಡೂ ರೂಪ ಇದೆ, ಏಟುಗಳು ಮಾತ್ರ ಒಂದೇ. 2019ರಲ್ಲಿ ಡ್ರ್ಯಾಗನ್ ಕ್ವೆಸ್ಟ್‌ನಿಂದ ಬಂದ ‘ಹೀರೋ’ ಇನ್ನೂ ಸ್ವಾರಸ್ಯ. ನಾಲ್ಕು ಬೇರೆ ಬೇರೆ ಗೇಮ್‌ಗಳ ನಾಯಕರು ಒಂದೇ ಫೈಟರ್‌ನ ವೇಷಗಳಾಗಿದ್ದಾರೆ. ಜಗಳದ ನಡುವೆ ಒಂದು ಮೆನು ತೆರೆಯುತ್ತದೆ, 21 ಮಂತ್ರಗಳಲ್ಲಿ ಯಾವುದೋ ನಾಲ್ಕು ಬರುತ್ತವೆ. ಎದುರಾಳಿ ಹೊಡೆಯುತ್ತಿರುವಾಗಲೇ ಆರಿಸಬೇಕು. ಆಡುವವರೇ ಮುಖ ಮಾಡಿಕೊಳ್ಳುವ ಮೀ ಫೈಟರ್‌ಗಳಲ್ಲಿ ಜಗಳಕ್ಕೆ ಮೊದಲೇ ಆಯ್ಕೆ. ಪ್ರತಿ ಸ್ಪೆಷಲ್ ಏಟಿಗೂ ಮೂರು ಬಗೆ ಇರುತ್ತವೆ, ಒಂದನ್ನು ಹಿಡಿಯಬೇಕು.

ಮೆನುವಿನ ಉಪಾಯ ನನಗೆ ಬಹಳ ಇಷ್ಟ. ಡ್ರ್ಯಾಗನ್ ಕ್ವೆಸ್ಟ್ ಮೆನುವಿನಲ್ಲೇ ಹೋರಾಡುವ ಆಟ, ಅಲ್ವಾ? ಅದರ ಜೀವ ಅಲ್ಲೇ ಇದೆ. ಸ್ಕೈರಿಮ್ ಹಾಗಲ್ಲ. ಅಲ್ಲಿ ಆಯುಧ ಬದಲಿಸಲು ಮೆನು ತೆರೆದರೆ ಇಡೀ ಲೋಕವೇ ನಿಲ್ಲುತ್ತದೆ, ಡ್ರ್ಯಾಗನ್ ಗಾಳಿಯಲ್ಲೇ ನಿಂತಿರುತ್ತದೆ. ಇಬ್ಬರು ಆಡುವ ಫೈಟಿಂಗ್ ಗೇಮ್‌ನಲ್ಲಿ ಹಾಗೆ ನಿಲ್ಲಿಸುವುದಕ್ಕೆ ಆಗುವುದಿಲ್ಲ. ಅದಕ್ಕೇ ಆಯ್ಕೆ ಜಗಳಕ್ಕೆ ಮೊದಲೇ ಮುಗಿಯಬೇಕು ಅಂತ ತೀರ್ಮಾನಿಸಿದೆ. ಮೂರು ದಾರಿ: ಕತ್ತಿ-ಗುರಾಣಿ, ಮಾಟ, ಬಿಲ್ಲು.

ಇದಕ್ಕೆ ಹೊಸ ಸ್ಕ್ರೀನ್ ಏನೂ ಬೇಕಾಗಲಿಲ್ಲ. ಮುಗೆನ್‌ನಲ್ಲಿ ಕ್ಯಾರೆಕ್ಟರ್ ಆರಿಸುವಾಗ ಯಾವ ಬಟನ್ ಒತ್ತುತ್ತೀರೋ ಆ ಪ್ಯಾಲೆಟ್, ಅಂದರೆ ಬಣ್ಣಗಳ ಗುಂಪು, ಬರುತ್ತದೆ. ಎ, ಬಿ, ಸಿ ಒತ್ತಿದರೆ 1, 2, 3. ಎಕ್ಸ್, ವೈ, ಝಡ್ ಒತ್ತಿದರೆ 4, 5, 6. ಸ್ಟಾರ್ಟ್ ಹಿಡಿದು ಒತ್ತಿದರೆ 7ರಿಂದ 12. ಯಾವ ಪ್ಯಾಲೆಟ್ ಬಂದಿದೆ ಅಂತ ‘ಪಾಲ್‌ನೋ’ ಅನ್ನುವ ಟ್ರಿಗರ್ ಹೇಳುತ್ತದೆ. ಅದರಿಂದ 1 ಕಳೆದು, 3ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟೆ. 0 ಬಂದರೆ ಕತ್ತಿ, 1 ಬಂದರೆ ಮಾಟ, 2 ಬಂದರೆ ಬಿಲ್ಲು. ಪ್ಯಾಡ್ ಮೇಲೆ ಎ ಮತ್ತು ಎಕ್ಸ್ ಒಂದರ ಮೇಲೊಂದು ಇರುತ್ತವೆ, ಹಾಗೆಯೇ ಬಿ-ವೈ, ಸಿ-ಝಡ್. ಹಾಗಾಗಿ ಎಡಗಡೆ ಸಾಲು ಕತ್ತಿ, ನಡುವಿನದು ಮಾಟ, ಬಲಗಡೆಯದು ಬಿಲ್ಲು. ಒಂದೊಂದು ದಾರಿಗೆ ನಾಲ್ಕು ಬಣ್ಣ. ಹೊಸಬರಿಗೆ ಒಂದೇ ಮಾತಿನಲ್ಲಿ ಹೇಳಿಬಿಡಬಹುದು.

ಏಟುಗಳ ನಂಬರ್ ಕೂಡ ಅದೇ ವೇರಿಯಬಲ್ ಮೇಲೆ ನಿಂತಿದೆ. ಮೊದಲ ಏಟಿನ ಅನಿಮೇಷನ್ 200. ಮಾಟಕ್ಕೆ 1200, ಬಿಲ್ಲಿಗೆ 2200. ಕೋಡ್‌ನಲ್ಲಿ ‘200 ಕೂಡಿಸು ವೇರಿಯಬಲ್ ಗುಣಿಸು 1000’ ಅಂತ ಒಂದೇ ಸಾಲು. ಮೈ ಚಿತ್ರ ಮೂರಕ್ಕೂ ಒಂದೇ, ಏಟು ಎಲ್ಲಿ ತಾಗುತ್ತದೆ ಅಂತ ಗುರುತಿಸುವ ಕೆಂಪು ಬಾಕ್ಸ್ ಮಾತ್ರ ಬೇರೆ ಬೇರೆ. ಆಯುಧ ಬೇರೆ ಪದರವಾಗಿ ಮೇಲೆ ಕೂರುತ್ತದೆ. ಹೀಗೆ ಮಾಡದಿದ್ದರೆ ಮೂರು ಪಟ್ಟು ಚಿತ್ರ ಬಿಡಿಸಬೇಕಾಗುತ್ತಿತ್ತು.

ಈಗ ಕೂಗಿನ ವಿಷಯ. ನನ್ನ ಹೆಚ್ಚಿನ ಸಮಯ ಹೋಗಿದ್ದು ಇದಕ್ಕೇ.

ಸ್ಕೈರಿಮ್‌ನಲ್ಲಿ ಬಟನ್ ತಟ್ಟಿದರೆ ಒಂದು ಪದ, ಹಿಡಿದುಕೊಂಡರೆ ಎರಡು, ಮೂರು. ‘ಫುಸ್’ ಒಂದೇ ಆದರೆ ಎದುರಿಗಿದ್ದವನು ತಡವರಿಸುತ್ತಾನೆ. ಮೂರೂ ಆದರೆ ಹಾರಿ ಬೀಳುತ್ತಾನೆ. ಕೂಗಿದ ಮೇಲೆ ಕಾಯಬೇಕು: ಒಂದು ಪದಕ್ಕೆ 15 ಸೆಕೆಂಡ್, ಎರಡಕ್ಕೆ 20, ಮೂರಕ್ಕೆ 45. ಈ ಕಾಯುವಿಕೆ ಕೂಗಿಗೆ ಒಂದು ತೂಕ ಕೊಡುತ್ತದೆ. ಇದಕ್ಕೆ ಮ್ಯಾಜಿಕಾ, ಅಂದರೆ ಮಾಟಕ್ಕೆ ಬೇಕಾದ ಶಕ್ತಿ, ಖರ್ಚಾಗುವುದಿಲ್ಲ, ಹಾಗಾಗಿ ಕತ್ತಿಯವನೂ ಕೂಗಬಹುದು, ಕಳ್ಳನೂ ಕೂಗಬಹುದು. ಫೈಟಿಂಗ್ ಗೇಮ್‌ನಲ್ಲಿ ಹೊಡೆದಂತೆ ತುಂಬುವ ಪವರ್ ಬಾರ್‌ಗೆ ಕೂಗನ್ನು ಕಟ್ಟಿಹಾಕುವುದು ಸುಲಭವಿತ್ತು, ಬಹಳಷ್ಟು ಜನ ಹಾಗೇ ಮಾಡುತ್ತಾರೆ. ನಾನು ಬೇಡ ಅಂದೆ. ಬಾರ್ ಖರ್ಚು ಮಾಡಿ ಕೂಗಿದರೆ ಅದು ಎಲ್ಲರಿಗೂ ಇರುವ ಸೂಪರ್ ಏಟಾಗುತ್ತದೆ. ಕಾದು ಕೂಗಿದರೆ ಮಾತ್ರ ಡ್ರ್ಯಾಗನ್‌ಬಾರ್ನ್.

ಆದರೆ 45 ಸೆಕೆಂಡ್ ಹಾಗೇ ತರುವಂತಿಲ್ಲ. ನಮ್ಮ ಒಂದು ರೌಂಡ್ 99 ಸೆಕೆಂಡ್, ಎಷ್ಟೋ ಸಲ ಅರ್ಧದಲ್ಲೇ ಮುಗಿಯುತ್ತದೆ. ಎಂಜಿನ್‌ನಲ್ಲಿ ಸೆಕೆಂಡಿಗೆ 60 ಟಿಕ್. ನಾನು ಒಂದು ಪದಕ್ಕೆ 240 ಟಿಕ್ ಇಟ್ಟೆ, ಎರಡಕ್ಕೆ 420, ಮೂರಕ್ಕೆ 720. ಅಂದರೆ 4, 7, 12 ಸೆಕೆಂಡ್. ಒಂದು ರೌಂಡಿನಲ್ಲಿ ಮೂರು ಪದದ ಕೂಗು ಮೂರ್ನಾಲ್ಕು ಸಲ ಸಿಕ್ಕರೆ ಜಾಸ್ತಿ.

ಈ ಗಡಿಯಾರ ಎಲ್ಲಿ ಓಡಬೇಕು ಅನ್ನುವುದು ಮುಖ್ಯ. ಮುಗೆನ್‌ನಲ್ಲಿ ಕ್ಯಾರೆಕ್ಟರ್ ಆಗ ಏನು ಮಾಡಬೇಕು ಅಂತ ಹೇಳುವ ಕೋಡ್ ತುಂಡಿಗೆ ಸ್ಟೇಟ್ ಅನ್ನುತ್ತಾರೆ. ಸಾಮಾನ್ಯವಾಗಿ ಪ್ರತಿ ಟಿಕ್‌ಗೂ ಓಡುವ ವಿಶೇಷ ಸ್ಟೇಟ್‌ಗಳಿವೆ: ಮೈನಸ್ 1, ಮೈನಸ್ 2, ಮೈನಸ್ 3. ಎದುರಾಳಿ ನಮ್ಮನ್ನು ಹಿಡಿದು ಎಸೆಯುವಾಗ ನಾವು ಅವನ ಸ್ಟೇಟ್‌ನಲ್ಲಿ ಇರುತ್ತೇವೆ. ಆಗ ಮೈನಸ್ 1, ಮೈನಸ್ 3 ಎರಡೂ ನಿಂತುಬಿಡುತ್ತವೆ. ಮೈನಸ್ 2 ಮಾತ್ರ ನಡೆಯುತ್ತಿರುತ್ತದೆ. ಗಡಿಯಾರವನ್ನು ಅಲ್ಲೇ ಇಡಬೇಕು. ಇಲ್ಲದಿದ್ದರೆ ಎಸೆತ ತಿಂದಾಗಲೆಲ್ಲ ಕೂಗು ಇನ್ನೂ ತಡವಾಗುತ್ತದೆ. ಸೋಲುತ್ತಿರುವವನಿಗೆ ಎರಡು ಶಿಕ್ಷೆ ಕೊಟ್ಟ ಹಾಗೆ.

ಬಟನ್ ಹಿಡಿದಾಗ ಪದಗಳು ಒಂದೊಂದಾಗಿ ಬರುತ್ತವೆ. ಬಿಟ್ಟರೆ ಅಲ್ಲಿಗೆ ಎಷ್ಟಾಗಿದೆಯೋ ಅಷ್ಟು. ಮೂರೂ ಪದ ಮುಗಿಯಲು 46 ಟಿಕ್ ಬೇಕು, ಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಎದುರಾಳಿ ಕಣ್ಣು ತೆರೆದಿದ್ದರೆ ಜಿಗಿದು ಬಂದು ಹೊಡೆಯಬಹುದು. ಡ್ಯಾಮೇಜ್ ಕಡಿಮೆ ಇಟ್ಟಿದ್ದೇನೆ, ಏಕೆಂದರೆ ಮೂಲ ಆಟದಲ್ಲೂ ಈ ಕೂಗಿನ ಕೆಲಸ ಕೊಲ್ಲುವುದಲ್ಲ, ತಳ್ಳುವುದು. ಗೋಡೆ ಹತ್ತಿರ ಸಿಕ್ಕಿಹಾಕಿಕೊಂಡವನು ಜಾಗ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ದನಿ ನನ್ನದೇ. ಅಲ್ಮಾರಿಯ ಬಾಗಿಲು ತೆರೆದು, ಒಳಗೆ ಚಾದರ ತುಂಬಿ, ಫ್ಯಾನ್ ಆರಿಸಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದೆ. ಮೂರು ಪದಗಳನ್ನು ಮೂರು ತುಂಡು ಮಾಡಿದೆ, ಏಕೆಂದರೆ ಎಲ್ಲಿ ಬೇಕಾದರೂ ನಿಲ್ಲಬಹುದಲ್ಲ. ಅವುಗಳನ್ನು ಚಾನೆಲ್ 0ಯಲ್ಲಿ ಹಾಕಿದೆ. ಅದು ಕ್ಯಾರೆಕ್ಟರ್‌ನ ದನಿಗೇ ಮೀಸಲಾದ ಚಾನೆಲ್. ಏಟು ಬಿದ್ದ ತಕ್ಷಣ ಎಂಜಿನ್ ತಾನಾಗಿ ಆ ದನಿಯನ್ನು ಕತ್ತರಿಸುತ್ತದೆ. ‘ಫುಸ್ ರೋ...’ ಅನ್ನುವಷ್ಟರಲ್ಲಿ ಒದೆ ಬಿದ್ದು ಮಾತು ಅರ್ಧಕ್ಕೇ ನಿಲ್ಲುತ್ತದೆ. ಮೊದಲ ಸಲ ಇದನ್ನು ಕೇಳಿದಾಗ ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತರು. ಕೂಗು ತಪ್ಪಿಸಿದ್ದು ಏಟು ಹೊಡೆದಷ್ಟೇ ಖುಷಿ ಕೊಡಬೇಕು, ಅದು ಬಂತು.

ಮುಖದ ಸಮಸ್ಯೆಗೆ ಉತ್ತರ ಸ್ಕೈರಿಮ್‌ನ ಟ್ರೇಲರ್‌ನಲ್ಲೇ ಇತ್ತು: ಕೊಂಬಿನ ಕಬ್ಬಿಣದ ಟೋಪಿ. ಅದನ್ನು ಹಾಕಿದರೆ ಮುಖ ಬಹಳ ಮಟ್ಟಿಗೆ ಮರೆಯಾಗುತ್ತದೆ. ಜನಾಂಗ ಯಾವುದು ಅಂತ ನೋಡುವವರು ತಾವೇ ಊಹಿಸಿಕೊಳ್ಳಬಹುದು. ಖಜೀತ್ ಗೆಳೆಯ ಮಾತ್ರ ಬಾಲ ಎಲ್ಲಿ ಅಂತ ಕೇಳಿದ. ಬಾಲ ಪ್ರತಿ ಫ್ರೇಮ್‌ನಲ್ಲೂ ಅಲ್ಲಾಡಬೇಕು, ಮತ್ತೆ ಅದು ಏಟು ತಿನ್ನುತ್ತದೋ ಇಲ್ಲವೋ ಅಂತ ನಿರ್ಧರಿಸಬೇಕು. ಬಾಲ ಬಿಟ್ಟೆ.

ಬಣ್ಣದ ವಿಷಯಕ್ಕೆ ಬಂದರೆ, ಕತ್ತಿಯವನ ಒಂದು ಪ್ಯಾಲೆಟ್ ನನಗೆ ಎಲ್ಲಕ್ಕಿಂತ ಪ್ರೀತಿ. ಅದು ಬಿದ್ರಿ. ಬೇರೆ ಊರಿನವರಿಗೆ ಹೇಳುತ್ತೇನೆ: ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಅಚ್ಚು ಹೊಯ್ಯುತ್ತಾರೆ, ಉಳಿಯಲ್ಲಿ ಕೆತ್ತಿ, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಲ್ಲಿ ಬಿಸಿ ಮಾಡಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪನ್ನು ಕವಚಕ್ಕೆ ತರಬೇಕು ಅಂತ ಆಸೆ.

ನಮ್ಮ ಓಣಿಯಲ್ಲಿ ಬಿದ್ರಿ ಕೆಲಸ ಮಾಡುವ ಕಾಕಾ ಒಬ್ಬರಿದ್ದಾರೆ. ಮೊಬೈಲ್‌ನಲ್ಲಿ ಚಿತ್ರ ತೋರಿಸಿದೆ. ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿದರು. “ಎಲ್ಲಾ ಕಡಿ ಬೆಳ್ಳಿ ತುಂಬೀಯಲ್ಲೋ ತಮ್ಮಾ. ಕರೀದು ಖಾಲಿ ಬಿಡು. ಅವಾಗ ಬೆಳ್ಳಿ ಕಾಣ್ತದ” ಅಂದರು. ಪಿಕ್ಸೆಲ್ ಲೆಕ್ಕದಲ್ಲೂ ಅದೇ ಸರಿ. ಒಂದೇ ಪಿಕ್ಸೆಲ್ ಅಗಲದ ಗೆರೆಗಳು ಜಾಸ್ತಿ ಇದ್ದರೆ ಹೀರೋ ಓಡುವಾಗ ಮೈಯೆಲ್ಲ ಮಿಣಮಿಣ ಅನ್ನುತ್ತದೆ. ಈಗ ಬೆಳ್ಳಿ ಇರುವುದು ಟೋಪಿಯ ಪಟ್ಟಿ, ಹೆಗಲಿನ ಅಂಚು, ಗುರಾಣಿಯ ಸುತ್ತು, ಇಷ್ಟರಲ್ಲೇ. ಕಪ್ಪು ಕೂಡ ಪೂರ್ತಿ ಕಪ್ಪಲ್ಲ. ಹೊರಗಿನ ಗೆರೆ ಕಪ್ಪು ಇರುವುದರಿಂದ ಕವಚಕ್ಕೆ ಕಡು ನೀಲಿ ಬೆರೆತ ಬೂದು ಹಾಕಿದೆ. ಇಲ್ಲದಿದ್ದರೆ ಕೈ ಎಲ್ಲಿ, ಎದೆ ಎಲ್ಲಿ ಅಂತ ಗೊತ್ತಾಗುವುದಿಲ್ಲ. ಪ್ಯಾಲೆಟ್‌ನಲ್ಲಿ 256 ಬಣ್ಣಕ್ಕೆ ಜಾಗ ಇದೆ, ಅದರಲ್ಲಿ ಮೊದಲನೆಯದು ಪಾರದರ್ಶಕ. ಕವಚದ ಬಣ್ಣಗಳನ್ನೆಲ್ಲ ಒಂದೇ ಕಡೆ ಒಟ್ಟಿಗೆ ಇಟ್ಟುಕೊಂಡರೆ ಹನ್ನೆರಡು ಪ್ಯಾಲೆಟ್ ಮಾಡುವುದು ಸಲೀಸು.

ಮಾಟದ ದಾರಿಯಲ್ಲಿ ಪವರ್ ಬಾರ್ ಅನ್ನೇ ಮ್ಯಾಜಿಕಾ ಮಾಡಿದ್ದೇನೆ. ಹೊಡೆದರೆ ತುಂಬುವುದಿಲ್ಲ, ಸುಮ್ನೆ ಇದ್ದರೂ ನಿಧಾನವಾಗಿ ತುಂಬುತ್ತದೆ, ಸ್ಕೈರಿಮ್‌ನಲ್ಲಿ ಇರುವ ಹಾಗೆ. ಕತ್ತಿಯ ದಾರಿಯಲ್ಲಿ ಹೇಳುವಂಥ ವಿಶೇಷ ಇಲ್ಲ, ಅದು ನೇರ ಹೋರಾಟ.

ಬಿಲ್ಲು ಮಾತ್ರ ತಲೆ ತಿಂದಿತು. ಸ್ಕೈರಿಮ್ ಆಡಿದವರಿಗೆ ಗೊತ್ತು, ಯಾವ ದಾರಿಯಲ್ಲಿ ಶುರು ಮಾಡಿದರೂ ಎಷ್ಟೋ ಜನ ಕೊನೆಗೆ ಬಗ್ಗಿ ಅಡಗಿ ಬಾಣ ಬಿಡುವವರೇ ಆಗುತ್ತಾರೆ. ಅದನ್ನು ಬಿಟ್ಟರೆ ಈ ಹೀರೋ ಪೂರ್ತಿಯಾಗುವುದಿಲ್ಲ. ಆದರೆ ಫೈಟಿಂಗ್ ಗೇಮ್‌ನಲ್ಲಿ ಇಬ್ಬರೂ ಎದುರೆದುರು ನಿಂತಿರುತ್ತಾರೆ, ಅಡಗುವುದು ಎಲ್ಲಿ? ಮಾಯವಾಗುವ ಏಟು ಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ, ಕಾಣದವನ ಜೊತೆ ಆಡುವುದು ಎದುರಿನವನಿಗೆ ಅನ್ಯಾಯ. ಬದಲಿಗೆ, ಬಗ್ಗಿ ಒಂದು ಸೆಕೆಂಡ್ ಅಲ್ಲಾಡದೆ ಕೂತರೆ ಟೋಪಿಯ ಮೇಲೆ ಒಂದು ಕಣ್ಣಿನ ಗುರುತು ಮುಚ್ಚಿಕೊಳ್ಳುತ್ತದೆ. ಆಗ ಬಿಟ್ಟ ಬಾಣಕ್ಕೆ ಎರಡು ಪಟ್ಟು ಡ್ಯಾಮೇಜ್. ಬಗ್ಗಿ ಕೂತವನಿಗೆ ಮೇಲಿಂದ ಬರುವ ಏಟು ತಡೆಯಲು ಆಗುವುದಿಲ್ಲ, ಅದೇ ಅದರ ಬೆಲೆ. ಸ್ಕ್ರೀನ್ ಮೇಲೆ ಒಂದು ಬಾಣ ಇರುವಾಗ ಇನ್ನೊಂದು ಬಿಡುವಂತಿಲ್ಲ. ಬಿಟ್ಟ ಬಾಣ ಎಷ್ಟಿವೆ ಅಂತ ಹೇಳುವ ‘ನಮ್‌ಪ್ರೋಜ್’ ಟ್ರಿಗರ್ ಸೊನ್ನೆ ಇದ್ದರೆ ಮಾತ್ರ ಬಿಲ್ಲು ಏಳುತ್ತದೆ.

ಕ್ರಾಸ್‌ಓವರ್ ಅಂದಮೇಲೆ ಬೇರೆಯವರ ಕ್ಯಾರೆಕ್ಟರ್ ಜೊತೆ ಹೊಂದಬೇಕು. ನಾವೆಲ್ಲ ಲೈಫ್ 1000 ಅಂತ ಒಪ್ಪಿಕೊಂಡಿದ್ದೇವೆ, ನಿಂತಾಗಿನ ಎತ್ತರಕ್ಕೂ ಒಂದು ಅಳತೆ ಇದೆ. ಪರೀಕ್ಷೆಗೆ ಎಲ್ಲರಿಗಿಂತ ದೊಡ್ಡ ಮೈಯ ಕ್ಯಾರೆಕ್ಟರ್ ಮತ್ತು ಎಲ್ಲರಿಗಿಂತ ಚಿಕ್ಕದು, ಈ ಎರಡರ ಜೊತೆ ಮೊದಲು ಆಡಿದೆ. ಚಿಕ್ಕವನ ತಲೆ ಮೇಲಿಂದ ನನ್ನ ಬಾಣ ಹೋಗುತ್ತಿತ್ತು, ಅರ್ಧ ತಲೆಯಷ್ಟು ಕೆಳಗಿಳಿಸಿದೆ. ದೊಡ್ಡವನಿಗೆ ಗೋಡೆ ಪಕ್ಕದಲ್ಲಿ ಎರಡು ಪದದ ಕೂಗಿನ ನಂತರ ಕತ್ತಿ ಏಟು ಕೊನೆಯಿಲ್ಲದೆ ತಾಗುತ್ತಿತ್ತು. ಕೂಗಿದವನೂ ಸ್ವಲ್ಪ ಹಿಂದೆ ಸರಿಯುವ ಹಾಗೆ ಮಾಡಿದ ಮೇಲೆ ಅದು ನಿಂತಿತು.

ತಂಗಿ ಈಗ ಮಾಟದ ದಾರಿಯಲ್ಲೇ ಆಡುತ್ತಾಳೆ, ಟೋಪಿಯೊಳಗೆ ಇರುವುದು ತನ್ನ ಬ್ರೆಟನ್‌ಳೇ ಅನ್ನುತ್ತಾಳೆ. ಓರ್ಕ್ ಗೆಳೆಯ ಮಾತ್ರ ಒಪ್ಪಿಲ್ಲ. “ಅಣ್ಣಾ, ಸುತ್ತಿಗಿ ಇಲ್ದಿದ್ರ ಇಂವ ನಮ್ಮಾಂವ ಅಲ್ಲ” ಅಂತ ಅವನ ತಕರಾರು. ಅವನ ಮಾತಲ್ಲಿ ನ್ಯಾಯ ಇದೆ. ಆದರೆ ನಾಲ್ಕನೆಯ ದಾರಿ ಸೇರಿಸಿದರೆ ಬಟನ್ ಸಾಲಿನ ಲೆಕ್ಕ ಕೆಡುತ್ತದೆ, ಸುತ್ತಿಗೆಯ ಭಾರಕ್ಕೆ ಈ ಮೈಯ ಚಿತ್ರಗಳೂ ಹೊಂದುವುದಿಲ್ಲ. ಹಾಗಾಗಿ ಸುತ್ತಿಗೆಯವನನ್ನು ಬೇರೆ ಕ್ಯಾರೆಕ್ಟರ್ ಆಗಿಯೇ ಮಾಡುತ್ತಿದ್ದೇನೆ. ಕೂಗಿನ ಕೋಡ್ ಮೊದಲಿಂದಲೂ ಪ್ರತ್ಯೇಕ ಫೈಲ್‌ನಲ್ಲಿದೆ. ಕ್ಯಾರೆಕ್ಟರ್‌ಗೆ ಯಾವ ಯಾವ ಫೈಲ್ ಬೇಕು ಅಂತ ಹೇಳುವ ಡೆಫ್ ಫೈಲ್‌ನಲ್ಲಿ ಒಂದು ಸಾಲು ಸೇರಿಸಿದೆ, ಗಡಿಯಾರದ ಸಾಲನ್ನು ಅವನ ಮೈನಸ್ 2ಕ್ಕೆ ಹಾಕಿದೆ. ಸುತ್ತಿಗೆಯವನು ನಿಲ್ಲುವ ಚಿತ್ರ ಬಿಟ್ಟು ಬೇರೇನೂ ಇನ್ನೂ ಆಗಿಲ್ಲ, ಆದರೆ ಕೂಗುತ್ತಾನೆ.