ಕೋಶ ತನ್ನನ್ನೇ ತಿನ್ನುವುದು ಹೇಗೆ? ಪೆನ್ಸಿಲ್ ಹಿಡಿದು ಬಿಡಿಸಿ ನೋಡಿ

ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ತಗೊಳ್ಳಿ. ‘ಉಪವಾಸ ಮಾಡಿದರೆ ನಮ್ಮ ಕೋಶಗಳೇ ಕ್ಯಾನ್ಸರನ್ನು ತಿಂದು ಹಾಕುತ್ತವೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರಬೇಕು, ಅಲ್ವಾ? ಅದರಲ್ಲಿ ನಿಜ ಎಷ್ಟು ಅಂತ ತಿಳಿಯಲು ಚಿತ್ರ ಬಿಡಿಸುವುದೇ ಸುಲಭದ ದಾರಿ.

ಮೊದಲು ಬಳೆಯಷ್ಟು ದೊಡ್ಡ ವೃತ್ತ ಬರೆಯಿರಿ. ಇದು ಜೀವಕೋಶ. ಒಳಗೆ ಹುರುಳಿಕಾಳಿನ ಹಾಗೆ ನಾಲ್ಕೈದು ಮೈಟೊಕಾಂಡ್ರಿಯಾ ಬರೆಯಿರಿ. ಕೋಶಕ್ಕೆ ಶಕ್ತಿ ಕೊಡುವ ಒಲೆಗಳಿವು. ಒಂದರ ಮೇಲೆ ಗೀಟು ಹಾಕಿ. ಅದು ಕೆಟ್ಟಿದೆ. ಕೆಟ್ಟ ಒಲೆ ಹೊಗೆ ಕಾರುವಂತೆ, ಡಿಎನ್‌ಎಗೆ ಪೆಟ್ಟು ಕೊಡುವ ರಾಸಾಯನಿಕಗಳನ್ನು ಬಿಡುತ್ತಿದೆ.

ಈಗ ಅದರ ಪಕ್ಕ ಬಿದಿಗೆ ಚಂದ್ರನಂತೆ ಜೋಡಿ ಗೆರೆ ಎಳೆಯಿರಿ. ಎರಡೂ ತುದಿ ಬೆಳೆದು ಕೂಡಿಕೊಳ್ಳಲಿ. ಕೆಟ್ಟದ್ದು ಚೀಲದೊಳಗೆ ಸಿಕ್ಕಿತು. ಹತ್ತಿರದಲ್ಲೇ ಇನ್ನೊಂದು ಗುಂಡನೆಯ ಚೀಲ ಬರೆಯಿರಿ. ಇದು ಲೈಸೊಸೋಮ್. ಆಮ್ಲ ಮತ್ತು ಕರಗಿಸುವ ಕಿಣ್ವಗಳನ್ನು ತುಂಬಿಕೊಂಡ, ಕೋಶದ ಹೊಟ್ಟೆ. ಬಾಣ ಹಾಕಿ ಎರಡನ್ನೂ ಸೇರಿಸಿ. ಒಳಗಿದ್ದದ್ದು ಅಮೈನೊ ಆಮ್ಲದಂಥ ತುಣುಕುಗಳಾಗಿ ಕರಗುತ್ತದೆ. ಅದನ್ನೇ ಕೋಶ ಮತ್ತೆ ಬಳಸುತ್ತದೆ, ಹಳೇ ಸೀರೆ ಕೌದಿಯಾದ ಹಾಗೆ. ಈ ಕೆಲಸಕ್ಕೆ 1963ರಲ್ಲಿ ಬೆಲ್ಜಿಯಂ ವಿಜ್ಞಾನಿ ಕ್ರಿಶ್ಚಿಯನ್ ಡಿ ಡ್ಯೂವ್ ಇಟ್ಟ ಹೆಸರು ಆಟೊಫ್ಯಾಜಿ.

ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದವರು ಜಪಾನಿನ ಯೊಶಿನೊರಿ ಒಸುಮಿ. ಅವರು ಆರಿಸಿಕೊಂಡದ್ದು ಬ್ರೆಡ್ ಉಬ್ಬಿಸುವ ಯೀಸ್ಟನ್ನು. ಹಸಿದಾಗ ಈ ಕೆಲಸ ಜೋರಾಗುವುದರಿಂದ, ಕರಗಿಸುವ ಕಿಣ್ವಗಳೇ ಇಲ್ಲದ ಯೀಸ್ಟನ್ನು ಉಪವಾಸ ಕೆಡವಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೋಶದ ಹೊಟ್ಟೆಯೊಳಗೆ ಬಂದ ಚೀಲಗಳು ಕರಗದೆ ರಾಶಿ ಬಿದ್ದಿದ್ದವು! ಎಷ್ಟು ಸರಳ, ಎಷ್ಟು ಜಾಣ ಉಪಾಯ. 2016ರಲ್ಲಿ ಅವರಿಗೆ ನೊಬೆಲ್ ಬಂತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲೂ ಯೀಸ್ಟ್ ಹಿಡಿದು ಆಟೊಫ್ಯಾಜಿಯ ಅಧ್ಯಯನ ನಡೆಯುತ್ತಿದೆ.

ಮುಂದಿನ ಹೆಜ್ಜೆ: ಈ ಚೀಲವನ್ನು ಅಳಿಸಿಬಿಡಿ. ಕೆಟ್ಟ ಒಲೆ ಹಾಗೇ ಉಳಿಯಿತು. ಡಿಎನ್‌ಎಗೆ ಪೆಟ್ಟು ಬೀಳುತ್ತಲೇ ಇರುತ್ತದೆ, ಗಡ್ಡೆ ಹುಟ್ಟಲು ದಾರಿಯಾಗುತ್ತದೆ. ಈ ಚೀಲ ಕಟ್ಟಲು ಬೇಕಾದ ಜೀನ್‌ಗಳಲ್ಲಿ ಬೆಕ್ಲಿನ್-1 ಒಂದು. ಇಲಿಗಳಲ್ಲಿ ಅದರ ಎರಡು ಪ್ರತಿಗಳ ಪೈಕಿ ಒಂದನ್ನು ತೆಗೆದಾಗ ಗಡ್ಡೆಗಳು ಜಾಸ್ತಿಯಾದವು ಎಂದು 2003ರಲ್ಲಿ ಗೊತ್ತಾಯಿತು. ಅಂದರೆ ಗಡ್ಡೆ ಹುಟ್ಟುವ ಮುಂಚೆ ಆಟೊಫ್ಯಾಜಿ ನಮ್ಮ ಕಾವಲುಗಾರ. ಸಂದೇಶದಲ್ಲಿ ನಿಜ ಇರುವುದು ಇಷ್ಟೇ.

ಈಗ ಹಾಳೆ ತಿರುಗಿಸಿ. ವೃತ್ತಗಳನ್ನು ಒತ್ತೊತ್ತಾಗಿ ಬರೆಯಿರಿ. ಇದು ಬೆಳೆದ ಗಡ್ಡೆ. ರಕ್ತನಾಳವನ್ನು ಅಂಚಿನಲ್ಲಿ ಮಾತ್ರ ಎಳೆಯಿರಿ. ನಡುವಿನ ಕೋಶಗಳಿಗೆ ಸಾಕಷ್ಟು ಆಮ್ಲಜನಕವಿಲ್ಲ, ಊಟವಿಲ್ಲ. ಸಾಯಬೇಕಿತ್ತು. ಎಲ್ಲವೂ ಸಾಯುವುದಿಲ್ಲ. ಉಳಿದವುಗಳೊಳಗೂ ಅದೇ ಚೀಲ ಬರೆಯಿರಿ: ತಮ್ಮನ್ನೇ ಸ್ವಲ್ಪ ಸ್ವಲ್ಪ ತಿಂದು ಬದುಕಿಕೊಳ್ಳುತ್ತವೆ. ಕಿಮೋ ಕೊಟ್ಟಾಗಲೂ ಎಷ್ಟೋ ಗಡ್ಡೆಗಳು ಇದೇ ಉಪಾಯದಿಂದ ತಡೆದುಕೊಳ್ಳುತ್ತವೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಂತೂ ಆಟೊಫ್ಯಾಜಿ ಸುಮ್ನೆ ಕೂರುವುದೇ ಇಲ್ಲ. ನನಗೆ ಸಂಕಟವಾಗುವುದು ಇಲ್ಲೇ. ನಮ್ಮ ಕಾವಲುಗಾರನೇ ಕಳ್ಳನಿಗೆ ಬುತ್ತಿ ಕಟ್ಟಿಕೊಡುತ್ತಾನೆ.

ಕೊನೆಗೆ ಲೈಸೊಸೋಮ್ ಮೇಲೆ ಇಂಟು ಹಾಕಿ. ಮಲೇರಿಯಾಕ್ಕೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾಡುವುದು ಇದನ್ನೇ. ಲೈಸೊಸೋಮಿನೊಳಗಿನ ಆಮ್ಲ ಕಡಿಮೆಯಾಗಿ ಚೀಲ ಕರಗದೆ ಉಳಿಯುತ್ತದೆ. ಮೇದೋಜೀರಕದ ಕ್ಯಾನ್ಸರ್ ಹರಡಿದ್ದವರಿಗೆ ಕಿಮೋ ಜೊತೆ ಇದನ್ನು ಕೊಟ್ಟು ನೋಡಿದ ಒಂದು ಪ್ರಯೋಗದಲ್ಲಿ ಗಡ್ಡೆ ಕುಗ್ಗಿದವರ ಸಂಖ್ಯೆ ಹೆಚ್ಚಿತು, ಆದರೆ ಆಯಸ್ಸು ಹೆಚ್ಚಲಿಲ್ಲ. ಹಾಗಾಗಿ ಈ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ.

ಮನೆಯಲ್ಲಿ ಯಾರಿಗಾದರೂ ಕಿಮೋ ನಡೆಯುತ್ತಿದ್ದರೆ ಅವರನ್ನು ಉಪವಾಸ ಕೂರಿಸಬೇಡಿ. ತೂಕ ಇಳಿದರೆ ಚಿಕಿತ್ಸೆ ತಡೆದುಕೊಳ್ಳುವುದೇ ಕಷ್ಟ. ಕೇಳಲೇಬೇಕೆನಿಸಿದರೆ ಡಾಕ್ಟರನ್ನು ಕೇಳಿ. ಈ ಹಾಳೆಯನ್ನೂ ಜೊತೆಗೆ ಒಯ್ಯಿರಿ, ಎರಡೂ ಬದಿ ತೋರಿಸಿ.